ಜುಲೈಕಾಳಿಗೆ ಬರುತ್ತಿದ್ದ ಫೋನು

ನಮ್ಮ ಮನೆಗೆ ಫೋನು ಬಂದದ್ದು ಅರ್ಜಿ ಹಾಕಿದ ಏಳನೆಯ ವರ್ಷಕ್ಕೆ. ಆಗ ಫೋನೆಂದರೆ ಸರ್ಕಾರದ್ದು. ಅದು ಕೊಟ್ಟಾಗ ಉಂಟು, ಕೊಡದಿದ್ದರೆ ಇಲ್ಲ. ಪುಂಜಾಲಕಟ್ಟೆಯಿಂದ ಒಳಗೆ ಎರಡು ಮೈಲಿಗೆ ಅದೊಂದೇ. ಊರಿನ ಅರ್ಧ ಮದುವೆ ಕಾಗದಗಳಲ್ಲಿ ನಮ್ಮ ನಂಬರು ಅಚ್ಚಾಗುತ್ತಿತ್ತು. ಯಾರಿಗೆ ಕರೆ ಬಂದರೂ ಅಂಗಳಕ್ಕಿಳಿದು ಕೂಗಬೇಕಾದವಳು ನಾನು. ನನ್ನ ಗಂಡ ಶ್ರೇಯಾಂಸಕುಮಾರರಿಗೆ ಅದು ಘನತೆ, ನನಗೆ ಗಂಟಲುನೋವು. ಶುಕ್ರವಾರ ಮಾತ್ರ ಬೇರೆ.

ಶುಕ್ರವಾರ ಜುಲೈಕಾ ಬರುತ್ತಿದ್ದಳು. ಅವಳ ಮನೆ ಗುಡ್ಡದಾಚೆ, ಗಂಡ ಸುಲೈಮಾನ್ ಸೌದಿಯ ದಮ್ಮಾಮಿನಲ್ಲಿ. ಅವನ ಫೋನು ಬರುವುದು ಐದು ಗಂಟೆಗೆ, ಅದೂ ಮೂರು ನಿಮಿಷ. ಇವಳು ಮೂರಕ್ಕೇ ಹಾಜರು. ಸೊಂಟದಲ್ಲಿ ಮಗಳು ಸಜ್ನಾ, ಕೈಯಲ್ಲಿ ಬೀಡಿ ಕಟ್ಟುವ ಮೊರ. ಅವಳು ಜಗಲಿಯಲ್ಲಿ ಬೀಡಿ ಕಟ್ಟಲು ಕೂತರೆ ನಾನು ಅಕ್ಕಿ ಆರಿಸುವ ನೆಪದಲ್ಲಿ ಎದುರು ಕೂರುತ್ತಿದ್ದೆ. ತನ್ನ ಅತ್ತೆ ಮೈಮೂನಮ್ಮ ಕೋಳಿಗೆ ಬೈಯುವುದನ್ನು ಅವಳು ಹಾಗೆಯೇ ಮಾಡಿ ತೋರಿಸುವಳು. ನನ್ನ ಅತ್ತೆ ಒಳಗಿದ್ದಾರೆ ಎಂಬುದನ್ನೂ ಮರೆತು ನಗುತ್ತಿದ್ದೆ. ಮೂಡಬಿದ್ರೆಯ ತವರು ಬಿಟ್ಟು ಬಂದ ಮೇಲೆ ನನಗೆ ಸಿಕ್ಕಿದ ಗೆಳತಿ ಅವಳೊಬ್ಬಳೇ.

ಒಂದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೇ ಫೋನು ಹೊಡೆಯಿತು. ಸುಲೈಮಾನ್.

"ಅಕ್ಕ, ಇವತ್ತು ಸಂಜೆ ಡ್ಯೂಟಿ ಉಂಟು. ಫೋನು ಮಾಡ್ಲಿಕ್ಕೆ ಆಗುದಿಲ್ಲ. ಸುಮ್ಮನೆ ಅಷ್ಟು ದೂರ ಬರುದು ಬೇಡ ಅಂತ ಅವಳಿಗೆ ಹೇಳಿ ಕಳಿಸ್ತೀರಾ?"

"ಆಯ್ತು," ಎಂದೆ. ಹೇಳಿ ಕಳಿಸಲಿಲ್ಲ. ಮರೆತದ್ದಲ್ಲ. ಹೇಳಿದರೆ ಅವಳು ಬರುವುದಿಲ್ಲವಲ್ಲ, ಅದಕ್ಕೆ.

ಅವಳು ಬಂದಳು, ನಗಿಸಿದಳು. ಐದು ಹೊಡೆಯಿತು, ಆರೂ ಆಯಿತು. ಅವಳ ಕೈಯಲ್ಲಿ ಬೀಡಿ ಎಲೆ ಹರಿಯತೊಡಗಿತು. "ಅವರಿಗೆ ಏನಾದ್ರೂ ಆಗಿರಬಹುದಾ ಅಕ್ಕ?" ಎಂದು ಮತ್ತೆ ಮತ್ತೆ ಕೇಳಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಮಸೀದಿಯಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆ ಕಣ್ಣೊರೆಸಿಕೊಂಡು ಗುಡ್ಡ ಹತ್ತಿದಳು.

ಆಮೇಲೆ ಸರ್ಕಾರ ಬಾಗಿಲು ತೆರೆಯಿತು, ಖಾಸಗಿ ಕಂಪೆನಿಗಳು ನುಗ್ಗಿದವು. ಗುಡ್ಡದ ಮೇಲೆ ಟವರ್ ಎದ್ದಿತು. ಬರುವ ಕರೆಗೆ ಕಾಸಿಲ್ಲ ಎಂದರು. ರಜೆಯಲ್ಲಿ ಬಂದ ಸುಲೈಮಾನ್ ಹೆಂಡತಿಯ ಕೈಗೊಂದು ಮೊಬೈಲ್ ಕೊಟ್ಟುಹೋದ. ನನ್ನ ಗಂಡನಂತೂ ಪೇಪರು ಹಿಡಿದು, "ಸ್ಪರ್ಧೆ ಬಂದ್ರೆ ಹೀಗೆ, ನೋಡು. ರೇಟು ಇಳೀಲೇಬೇಕು," ಎಂದು ನನಗೆ ಪಾಠ ಮಾಡಿದರು. ಸರಿಯೇ, ಇಳಿಯಿತು. ಹೆಂಗಸೊಬ್ಬಳು ಗಂಡನ ಜೊತೆ ಮಾತಾಡಲು ಗುಡ್ಡ ಹತ್ತಿಳಿಯುವುದು ತಪ್ಪಿತು. ಅದಕ್ಕೆ ಬೇಸರ ಪಡುವವಳಿಗೆ ಬುದ್ಧಿ ಇಲ್ಲ ಅನ್ನಬೇಕು. ನನಗೆ ಬೇಸರವಾಯಿತು. ಒಂದು ಶುಕ್ರವಾರ ಜಗಲಿ ಖಾಲಿ, ಮುಂದಿನದೂ ಖಾಲಿ. ಆಮೇಲೆ ಜುಲೈಕಾಳ ಮನೆಯವರು ಮೆಲ್ಕಾರಿನಲ್ಲಿ ಮನೆ ಕಟ್ಟಿ ಹೋದರು. ನನಗೂ ಮೊಬೈಲ್ ಬಂತು, ಅವಳ ನಂಬರು ಅದರಲ್ಲಿ ಸೇರಿತು. ಇಪ್ಪತ್ತು ವರ್ಷ ಅದನ್ನು ನೋಡಿದೆ, ಒತ್ತಲಿಲ್ಲ. ಒತ್ತಿದರೆ ಮೊದಲು ಆ ಶುಕ್ರವಾರದ ಮಾತು ಹೇಳಬೇಕಿತ್ತು.

ಕಳೆದ ತಿಂಗಳು ತಂತಿಯ ಫೋನನ್ನು ನಿಲ್ಲಿಸುತ್ತೇವೆ ಎಂದು ಕಾಗದ ಬಂತು. "ಕೊಟ್ಟುಬಿಡುವ, ಯಾರಿಗೆ ಬೇಕು ಅದು?" ಎಂದರು ಇವರು. ಮರುದಿನವೇ ನಾನು ಬಸ್ಸು ಹತ್ತಿದೆ. ಇನ್ನೂ ಸುಮ್ಮನಿದ್ದರೆ ಹೇಳದೆಯೇ ಸಾಯುತ್ತೇನೆ ಅನ್ನಿಸಿತ್ತು.

ಮೆಲ್ಕಾರಿನಲ್ಲಿ ಜುಲೈಕಾಳೇ ಬಾಗಿಲು ತೆರೆದಳು. ಕನ್ನಡಕ ಬಂದಿದೆ, ದಪ್ಪವಾಗಿದ್ದಾಳೆ. ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.

"ಅದು ನನಗೆ ಗೊತ್ತುಂಟು ವಸಂತಕ್ಕ," ಎಂದಳು. "ಅದರ ಮುಂದಿನ ಶುಕ್ರವಾರವೇ ಅವರು ಫೋನಿನಲ್ಲಿ ಹೇಳಿದ್ರು."

"ಮತ್ತೆ ನನ್ನತ್ರ ಯಾಕೆ ಕೇಳಲಿಲ್ಲ ಮಾರಾಯ್ತಿ?"

"ಕೇಳಿದ್ರೆ ಜಗಳ ಆಗ್ತಿತ್ತು. ಜಗಳ ಆದ್ರೆ ಶುಕ್ರವಾರ ನಾನು ಎಲ್ಲಿಗೆ ಹೋಗುದು?"

ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. "ಬರ್ಲಿಕ್ಕೆ ಅಷ್ಟು ಆಸೆ ಇದ್ದವಳು, ಮೊಬೈಲ್ ಬಂದ ಮೇಲೆ ಒಂದು ದಿನ ಆದ್ರೂ ಬಂದಿಯಾ?"

"ಫೋನಿಗೆ ಅಂತ ಬರ್ತಿದ್ದೆ. ಫೋನು ಇಲ್ಲದೆ ಯಾವ ಮುಖದಲ್ಲಿ ಬರುದು?" ಅವಳ ಸ್ವರ ಏರಲಿಲ್ಲ. "ಬಾ ಅಂತ ನೀವು ಒಂದು ಸಲ ಆದ್ರೂ ಹೇಳಿದ್ದುಂಟಾ?"

ನೆನಪು ಮಾಡಿ ನೋಡಿದೆ. ಅವಳು ಬಂದದ್ದು ಹನ್ನೆರಡು ವರ್ಷ, ಅಷ್ಟೊಂದು ಶುಕ್ರವಾರಗಳು. ಒಮ್ಮೆಯೂ ಹೇಳಿರಲಿಲ್ಲ.

"ಈ ಶುಕ್ರವಾರ ಬಾ," ಎಂದೆ.

"ಎಂತಕ್ಕೆ?"

"ಎಂತಕ್ಕೂ ಅಲ್ಲ."