ಒರೆಸಿಟ್ಟ ಗಾಡಿ

"ಗಾಡಿ ಯಾಕ ಒರಸೀದಿ?"

ಹವಾಲ್ದಾರ ಶಿದ್ಲಿಂಗಪ್ಪ ಇದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿ ತಾನೇ ದಣಿದಿದ್ದ. ಠಾಣೆಯ ಬೆಂಚಿನ ಮೇಲೆ ಕುಳಿತಿದ್ದ ಸ್ವಪ್ನಿಲ್ ಕೂದಲನ್ನು ಹಿಂದಕ್ಕೆ ಎಸೆದ.

"ಹೀರೋ ಕುಂದ್ರೂ ಗಾಡಿಗಿ ಧೂಳ ಇರಬಾರ್ದರಿ ಸಾಹೇಬ್ರ."

"ಬೆರಳಿನ ಗುರ್ತ ಅಳಸಾಕ ಒರಸೀಯೋ ಮಗನ. ಸಿನಿಮಾ ನಾನೂ ನೋಡೇನಿ."

ಇಬ್ಬರೂ ಒಂದೇ ಥರದ ಸಿನಿಮಾ ನೋಡಿದ್ದೇ ತೊಂದರೆಯಾಗಿತ್ತು.

ಸ್ವಪ್ನಿಲ್ ಗೋಕಾಕದ ಅನಾಥಾಶ್ರಮವೊಂದರಲ್ಲಿ ಬೆಳೆದವನು. ಹದಿನೆಂಟು ತುಂಬಿದ ಮೇಲೆ ಅಲ್ಲಿ ಇರುವಂತಿಲ್ಲ. ಹಾಗಾಗಿ ಮಳೆಗಾಲದಲ್ಲಿ ಯಮಕನಮರಡಿಗೆ ಬಂದು ಮಾಲಿಂಗನ ಗ್ಯಾರೇಜು ಸೇರಿದ್ದ. ಕೆಲಸ ಅಲ್ಲೇ, ಹಿಂದಿನ ಖೋಲಿಯಲ್ಲಿ ಹಾಸಿಗೆಯೂ ಅಲ್ಲೇ. ಈ ಭಾನುವಾರ ಬೆಳಿಗ್ಗೆ ಮಾಲಿಂಗ ಶಟರ್ ಹತ್ತಿರ ಬಂದು ನೋಡಿದರೆ, ರಿಪೇರಿಯಾಗಿ ನಿಂತಿದ್ದ ಕಾಶಿನಾಥನ ಮೋಟರ್‌ಸೈಕಲ್ಲೂ ಇರಲಿಲ್ಲ, ಹುಡುಗನೂ ಇರಲಿಲ್ಲ. ಗಾಬರಿಯಲ್ಲಿ ಠಾಣೆಗೆ ಫೋನು ಮಾಡಿದವನು ಮಾಲಿಂಗನೇ. ಮಧ್ಯಾಹ್ನ ಸ್ವಪ್ನಿಲ್ ಸೀಟಿ ಹೊಡೆಯುತ್ತ ಮರಳಿದ, ಗಾಡಿಯನ್ನು ನಿಲ್ಲಿಸಿದ, ಚಕ್ರದ ಕಡ್ಡಿಗಳನ್ನೂ ಬಿಡದೆ ಒರೆಸಿದ. ಚಾವಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸುವಾಗ ಪೊಲೀಸರು ಅವನ ಮುಂಗೈ ಹಿಡಿದರು.

"ಎಲ್ಲಿಗಿ ಒಯ್ದಿದ್ದಿ?" ಹವಾಲ್ದಾರ ಪ್ರಶ್ನೆ ಬದಲಿಸಿದ.

"ಗೋಕಾಕಕ್ಕ. ಹುಗ್ಗಿ ಉಣ್ಣಾಕ."

ಠಾಣೆಯ ಬಾಗಿಲಲ್ಲಿ ನಿಂತಿದ್ದ ಕಾಶಿನಾಥ ಸಿಡುಕಿದ. ಘೋಡಗೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. "ಮಾರಾಕ ಒಯ್ದಿರತಾನ್ರಿ. ಗಿರಾಕಿ ಸಿಕ್ಕಿಲ್ಲ, ತಿರಗಿ ಬಂದಾನ. ಆಶ್ರಮದ ಹುಡುಗ್ರು ಅಂದ್ರ ಇಷ್ಟ."

"ಮಾರಾವ ಪೆಟ್ರೋಲ್ ಯಾಕ ಹಾಕಸ್ತಾನ್ರಿ ಕಾಕಾ? ನಿಮ್ಮ ಟಾಕಿ ನೋಡ್ರಿ, ನೀವು ಬಿಟ್ಟಿದ್ದಕ್ಕಿಂತ ಜಾಸ್ತಿ ಐತಿ. ಇದು ವಿಲನ್ ಮಾಡೂ ಕೆಲಸನ?"

"ಬಾಯಿ ಮುಚ್ಚಲೇ," ಎನ್ನುತ್ತ ಶಿದ್ಲಿಂಗಪ್ಪ, ಹುಡುಗ ಕೊಟ್ಟ ನಂಬರಿಗೆ ಫೋನು ಹಚ್ಚಿದ. ಆಶ್ರಮದಲ್ಲಿ ಅಡುಗೆ ಮಾಡುವ ಶಿವವ್ವನ ನಂಬರು ಅದು. ಸ್ಪೀಕರಿನಲ್ಲಿ ಮೊದಲು ಪಾತ್ರೆಗಳ ಸದ್ದು, ಆಮೇಲೆ ಅವಳ ದನಿ.

"ಬಂದಿದ್ದರಿ. ಎರಡ ಸಲ ಹಾಕಿಸ್ಕೊಂಡ ಉಂಡ. ಸಣ್ಣ ಹುಡುಗ್ರಿಗೆ ಅದೇನೋ ಡೈಲಾಗ ಹೊಡದ ತೋರ್ಸಿದ. ಹೋಗಾಗ ಗಾಡಿ ಒರಸಾಕ ಅರಿವಿ ಬೇಕಂದ, ನನ್ನ ಹಳೇ ಸೀರಿ ಹರದ ಕೊಟ್ನಿ."

"ಆ ಗಾಡಿ ಅವಂದಲ್ಲಬೇ. ಕೇಳದ ಒಯ್ದಾನ."

ಆ ಕಡೆ ಪಾತ್ರೆಗಳು ಸುಮ್ಮನಾದವು.

"ಚಾವಿ ಎಲ್ಲಿತ್ರಿ? ಮೊಳಿಗೇನ?"

"ಹೌದು. ಯಾಕ?"

"ನಮ್ಮಲ್ಲಿ ಮೊಳಿಗಿ ಹಾಕಿದ್ದು ಎಲ್ಲಾರದೂ ರೀ. ಅಂಗಿ, ಛತ್ರಿ, ಸೈಕಲ್ಲಿನ ಚಾವಿ. ಬೇಕಾದಾವ ಒಯ್ಯೂದು, ಒರಸಿ ತಂದ ಇಡೂದು. ಒರಸದಿದ್ರ ಬೈತೇವಿ, ಕೇಳದಿದ್ದಕ್ಕ ಬೈದಿಲ್ಲ. ಹೊರಗ ಹಂಗಲ್ಲೋ ಅಂತ ಹೇಳಿ ಕಳಸಬೇಕಾಗಿತ್ತ. ಯಾರೂ ಹೇಳಲಿಲ್ಲ."

ಶಿದ್ಲಿಂಗಪ್ಪ ಫೋನು ಇಟ್ಟು ಕಣ್ಣು ಉಜ್ಜಿಕೊಂಡ. ಊಟವಾಗದ ಮನುಷ್ಯನ ಆಕಳಿಕೆ ಬಂತು. ಮೂಲೆಯಲ್ಲಿ ನಿಂತಿದ್ದ ಮಾಲಿಂಗನ ಕಡೆ ತಿರುಗಿದ.

"ಮೊಳಿಗಿ ಅಂತ ಕಾನೂನಿನ್ಯಾಗ ಏನೂ ಇಲ್ಲ. ಮಾಲಿಂಗಣ್ಣ, ಫೋನ್ ಮಾಡಿದಾವ ನೀ. ಕಳವು ಅಂತ ಬರ್ಕೊಳ್ಳೋ, ಬ್ಯಾಡೋ? ಬರದ್ನಿ ಅಂದ್ರ ಇಂವಾ ಹಿಂಡಲಗಾ ಜೇಲಿಗಿ. ಹೊರಗ ಬಂದ ಮ್ಯಾಲ ಯಾವ ಗ್ಯಾರೇಜಿನ್ಯಾಗೂ ಪಾನಾ ಸುದ್ದಾ ಮುಟ್ಟಗೊಡಂಗಿಲ್ಲ."

ಸ್ವಪ್ನಿಲ್ ಏನೋ ಹೇಳಲು ಬಾಯಿ ತೆರೆದ. ಈ ದೃಶ್ಯಕ್ಕೆ ಹೊಂದುವ ಡೈಲಾಗು ನೆನಪಾಗಲಿಲ್ಲ. ಮಾಲಿಂಗನನ್ನು ನೋಡಿದ.

"ಕಾಕಾ, ಮೊನ್ನಿ ಗಣಪತಿ ಹಬ್ಬದಾಗ ಸತ್ಯಪ್ಪ ರಿಪೇರಿಗಿ ಬಂದಿದ್ದ ಡಾಕ್ಟರ್ರ ಗಾಡಿ ಕೇಳದ ಒಯ್ದು ಗಟಾರಕ್ಕ ಕೆಡವಿದ. ಅಂವಗ ನೀವು ಕಪಾಳಕ್ಕ ಎರಡ ಬಿಟ್ರಿ. ಸಂಜಿಕ ಊಟಕ್ಕ ಕರದ್ರಿ."

"ಅಂವಾ ನನ್ನ ಮಗ," ಎಂದ ಮಾಲಿಂಗ. ಅಂದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಫ್ಯಾನು ನೋಡಿದ. ಅದು ತಿರುಗುತ್ತಿರಲಿಲ್ಲ.

"ನನಗೂ ಎರಡ ಬಿಡ್ರಲ್ಲ."

 ಹೊರಗೆ ಹೆದ್ದಾರಿಯಲ್ಲಿ ಲಾರಿಯೊಂದು ಗೇರ್ ಬದಲಿಸಿ ಏರು ಹತ್ತಿತು. ಮಾಲಿಂಗ ಉಗುರಿನ ಸಂದಿಯ ಗ್ರೀಸನ್ನು ಕೆರೆದು ತೆಗೆದ.

"ಬರೀಬ್ಯಾಡ್ರಿ ಹವಾಲ್ದಾರ್ರ. ಟ್ರಯಲ್ ನೋಡ್ಕೊಂಡ ಬಾ ಅಂತ ನಾನ ಹೇಳಿದ್ನಿ. ಮರ್ತ ಹೋಗಿತ್ತು."

"ಗೋಕಾಕ ತನಕಾ ಟ್ರಯಲ್ಲಾ?" ಎಂದ ಕಾಶಿನಾಥ.

"ಬ್ರೇಕಿನ ಕೆಲಸಾರಿ. ದೂರ ಹೋಗೇ ನೋಡಬೇಕ."

ಶಿದ್ಲಿಂಗಪ್ಪ ನಂಬಲಿಲ್ಲ. ಆದರೂ ಪೆನ್ನಿನ ಮುಚ್ಚಳ ಹಾಕಿದ. ಕಾಶಿನಾಥ ಮೇಜಿನ ಮೇಲಿನ ಚಾವಿಯನ್ನು ಎತ್ತಿಕೊಂಡ. "ಇನ್ನ ಮ್ಯಾಲ ಹುಕ್ಕೇರ್ಯಾಗ ತೋರಸ್ತೀನಿ ಮಾಲಿಂಗಣ್ಣ. ನನ್ನ ನೋಡಿ ನಮ್ಮೂರಾವ್ರೂ ಅಲ್ಲಿಗೇ ಹೋದ್ರ ತಪ್ಪ ತಿಳ್ಕೋಬ್ಯಾಡ," ಎಂದು ಹೊರಟುಹೋದ.

ಗ್ಯಾರೇಜಿಗೆ ಇಬ್ಬರೂ ನಡೆದೇ ಬಂದರು. ಸ್ವಪ್ನಿಲ್‌ಗೆ ದಾರಿಯಲ್ಲಿ ಜೀವ ಬಂತು.

"ಕಾಕಾ, ಭಾರೀ ಹೊಡದ್ರಿ ಡೈಲಾಗ. 'ದೂರ ಹೋಗೇ ನೋಡಬೇಕ!' ಥೇಟರಿನ್ಯಾಗ ಆಗಿದ್ರ ಸೀಟಿ ಬೀಳ್ತಿದ್ವು."

ಮಾಲಿಂಗ ಹೆಜ್ಜೆ ಬಿರುಸು ಮಾಡಿದ. ಚಹಾದಂಗಡಿಯವನು ಕರೆದರೂ ನಿಲ್ಲಲಿಲ್ಲ.

ಶಟರ್ ಎತ್ತಿದರು. ಒಳಗೆ ಸುಟ್ಟ ಆಯಿಲ್‌ನ ವಾಸನೆ. ಸ್ವಪ್ನಿಲ್ ಗೋಡೆಗೆ ಬೆನ್ನು ಕೊಟ್ಟು ನಿಂತ. ತಲೆಯ ಬಾಜೂ ಮೊಳೆಗಳ ಸಾಲು, ಅದಕ್ಕೆ ಬೇರೆ ಗಾಡಿಗಳ ಚಾವಿಗಳು. ಸತ್ಯಪ್ಪನಿಗೆ ಎರಡೇಟು ಬಿದ್ದದ್ದೂ ಇದೇ ಜಾಗದಲ್ಲಿ. ಮಾಲಿಂಗ ಹತ್ತಿರ ಬಂದ, ಕೈ ಎತ್ತಿದ. ಸ್ವಪ್ನಿಲ್ ಕಣ್ಣು ಮುಚ್ಚಿ, ಏಟು ಸರಿಯಾಗಿ ಬೀಳಲೆಂದು ಮುಖವನ್ನು ಸ್ವಲ್ಪ ಮುಂದೆ ಹಿಡಿದ.

ಕೈ ಅವನ ಕಿವಿಯ ಪಕ್ಕದಿಂದ ಹಾದುಹೋಯಿತು. ಚಾವಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು.

ಅವನು ಕಣ್ಣು ಬಿಟ್ಟಾಗ ಮಾಲಿಂಗ ಅವನ್ನೆಲ್ಲ ಕಿಸೆಗೆ ಇಳಿಸಿಕೊಂಡು, ಬೆನ್ನು ತಿರುಗಿಸಿ, ಯಾವುದೋ ಗಾಡಿಯ ಚೈನನ್ನು ಸುಮ್ಮನೆ ತಿರುವುತ್ತಿದ್ದ. ಗೋಡೆಯಲ್ಲಿ ಬರೀ ಮೊಳೆಗಳಿದ್ದವು. ಒಂದೊಂದರ ಕೆಳಗೂ ಚಾವಿ ತೂಗಾಡಿ ಉಜ್ಜಿದ ಸಣ್ಣ ಕಪ್ಪು ಕಲೆ. ಸ್ವಪ್ನಿಲ್ ಕಿಸೆಯಿಂದ ಶಿವವ್ವನ ಸೀರೆಯ ತುಂಡನ್ನು ತೆಗೆದು, ಹತ್ತಿರದ ಕಲೆಯನ್ನು ಒರೆಸತೊಡಗಿದ.