ಹಣ್ಣಾದ ಹುಳು

ಗುಲಾಬಿಯ ವಾಸನೆ, ಅದರ ಅಡಿಯಿಂದ ಹೊಸ ಬಣ್ಣದ ಘಾಟು — ನಿನ್ನೆ ಬಳಿದ ಗೋಡೆ ಇನ್ನೂ ಒಣಗಿಲ್ಲ, ಸೆರಗು ತಾಗೀತೆಂದು ರಾಧಾಮಣಿ ಒಂದು ಹೆಜ್ಜೆ ಮುಂದೆ ಸರಿದಳು, ಈ ಗಿಳಿಹಸಿರು ಸೀರೆಯೂ ಅವಳ ಆಯ್ಕೆಯಲ್ಲ, ಅಧ್ಯಾಪಕಿಯರೆಲ್ಲ ಒಂದೇ ಬಣ್ಣದಲ್ಲಿ ನಿಂತರೆ ಕಾಲೇಜಿಗೆ ಶ್ರೇಣಿ ಕೊಡಲು ಬರುವ ಪರಿಶೀಲನಾ ತಂಡಕ್ಕೆ ಶಿಸ್ತು ಕಾಣುತ್ತದಂತೆ, ಪ್ರಾಂಶುಪಾಲ ಅನಂತರಾಜು ಅವರ ಸಿದ್ಧಾಂತ, ಇಷ್ಟು ವರ್ಷ ಪ್ರಾಣಿಶಾಸ್ತ್ರ ಕಲಿಸಿದವಳಿಗೆ ಕೊನೆಗೆ ದೊರೆತದ್ದು ರಾಮನಗರದ ಈ ಕಾಲೇಜಿನ ಹೆಬ್ಬಾಗಿಲಲ್ಲಿ ಗಿಳಿಯಾಗಿ ನಿಲ್ಲುವ ಭಾಗ್ಯ — ಅತ್ತ ಕೈಲಾಂಚದಲ್ಲಿ ಹುಳು ಹಣ್ಣಾಗುತ್ತಿದೆ. ಈಗ, ಇದೇ ಹೊತ್ತಿನಲ್ಲಿ, ರೈತ ಬೀರಯ್ಯನವರ ಹುಳುಮನೆಯಲ್ಲಿ ಸೊಪ್ಪು ಮೇಯುವ ಸರಸರ ಸದ್ದು ನಿಂತಿರಬೇಕು, ರೇಷ್ಮೆಹುಳುಗಳ ಮೈ ತಿಳಿಯಾಗಿ, ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಒಳಗೆಲ್ಲ ಕಂಡು, ಒಂದೊಂದೂ ತಲೆ ಎತ್ತಿ ಅತ್ತ ಇತ್ತ ತೂಗುತ್ತ ನೂಲು ಹಿಡಿಯಲೊಂದು ಆಸರೆ ಹುಡುಕುತ್ತಿರಬೇಕು. ಎಡಗಡೆಯ ತಟ್ಟೆಗಳಿಗೆ ಕೊಳವೆಬಾವಿ ನೀರಿನಲ್ಲಿ ಬೆಳೆದ ಸೊಪ್ಪು, ಬಲಗಡೆಯವಕ್ಕೆ ಬೈರಮಂಗಲದ ಕಡೆಯ ಕೊಳಚೆ ಕಾಲುವೆ ನೀರಿನ ಸೊಪ್ಪು, ತನ್ನ ಪಿಎಚ್.ಡಿ. ಪ್ರಯೋಗಕ್ಕೆಂದು ಮೊಟ್ಟೆಯೊಡೆದ ದಿನದಿಂದ ಹಾಗೆಯೇ ಸಾಕಿದ್ದಾಳೆ, ಎರಡನ್ನೂ ಬೇರೆ ಬೇರೆ ಚಂದ್ರಿಕೆಗೆ ಬಿಡಬೇಕು, ಆ ಬಿದಿರಿನ ಸುರುಳಿಗಳಲ್ಲಿ ಅವು ಬೇರೆ ಬೇರೆಯೇ ಗೂಡು ಕಟ್ಟಬೇಕು, ಆಗಲೇ ತಿಳಿಯುವುದು ಆ ನೀರು ನೂಲನ್ನು ಏನು ಮಾಡುತ್ತದೆಂದು, ಗೂಡು ಬೆರೆತರೆ ಎಲ್ಲವೂ ಒಂದೇ ಬಿಳುಪು, ಯಾರೂ ಬಿಡಿಸಲಾರರು.

ಚನ್ನಪಟ್ಟಣದಿಂದ ತಂಡದ ಕಾರು ಹೊರಟಿದೆಯಂತೆ, ಯಾರೋ ಕೂಗಿದರು, ಗುಲಾಬಿ ತಟ್ಟೆ ಹಿಡಿದ ನಿಖಾತ್ ಪಿಸುಗುಟ್ಟುತ್ತಾಳೆ, ಮೇಡಂ, ಪ್ರ್ಯಾಕ್ಟಿಕಲ್ ಇವತ್ತೂ ಇಲ್ವಾ — ಇಲ್ಲಮ್ಮ, ಇವತ್ತು ನೀನು ಹೂವು ಹಿಡಿಯಬೇಕು, ನಾನು ನಗಬೇಕು, ಇದೇ ನಮ್ಮ ಪ್ರಯೋಗಾಲಯ — ಎಂದು ಮನಸ್ಸಿನಲ್ಲೇ ಅಂದುಕೊಂಡು, ಹುಡುಗಿಯ ಮುಖ ನೋಡಲಾಗದೆ ಕುಂಡಗಳತ್ತ ತಿರುಗಿದಳು, ಅಲ್ಲಿ ಇತಿಹಾಸದ ಅಧ್ಯಾಪಕ ನಟರಾಜು ಪೈಪು ಹಿಡಿದು ನಿಂತಿದ್ದಾನೆ, ನಾನು ಉದ್ಯಾನ ಸಮಿತಿ ಸಂಚಾಲಕ ಮೇಡಂ, ಕ್ರೋಟನ್ನಿಗೆ ನೀರು ಹುಯ್ಯೋದರಲ್ಲೇ ನನಗೊಂದು ಡಾಕ್ಟರೇಟ್ ಕೊಡಿಸಿ, ಎನ್ನುತ್ತಾನೆ, ಅವನಿಗೆ ಹೇಗೆ ನಗು ಬರುತ್ತದೋ. ಮೊದಲ ಬೆಳೆಯ ಹುಳು ಹಣ್ಣಾದಾಗ ಅವಳು ಮಾಗಡಿಯ ಮತಗಟ್ಟೆಯಲ್ಲಿ ಜನರ ಬೆರಳಿಗೆ ಶಾಯಿ ಹಚ್ಚಿಸುತ್ತಿದ್ದಳು, ಎರಡನೆಯದು ಹಣ್ಣಾದಾಗ ಕನಕಪುರದ ಪರೀಕ್ಷಾ ಕೊಠಡಿಯಲ್ಲಿ ನಕಲು ಚೀಟಿ ಹಿಡಿಯುತ್ತಿದ್ದಳು, ಇದು ಮೂರನೆಯದು, ಇದೇ ಕೊನೆಯದು, ವಿಶ್ವವಿದ್ಯಾಲಯ ಇನ್ನು ಅವಧಿ ವಿಸ್ತರಿಸುವುದಿಲ್ಲ. ಬೆಳಿಗ್ಗೆ ಅರ್ಧ ದಿನದ ರಜೆ ಕೇಳಿದ್ದಳು, ಬೇಡಿದ್ದಳು ಎಂದೇ ಹೇಳಬೇಕು, ಏನಮ್ಮಾ ರಾಧಾಮಣಿ, ನಾಳೆವರೆಗೂ ಒಸಿ ತಡ್ಕೊಳ್ಳೋಕೆ ನಿಮ್ಮ ಹುಳಕ್ಕೆ ಒಂದು ಮೆಮೋ ಕೊಟ್ಬಿಡಿ, ಅಂದರು ಅನಂತರಾಜು, ಕೊಠಡಿಯೆಲ್ಲ ನಕ್ಕಿತು, ನಮ್ಮ ಕಾಲೇಜಲ್ಲಿ ಸಂಶೋಧನೆ ಅಂತ ತೋರಿಸೋಕೆ ಇರೋದು ನೀವೊಬ್ರೇ, ನೀವೇ ಹೋಗ್ಬುಟ್ರೆ ತೋರಿಸೋದೇನು. ಆಹಾ, ಸಂಶೋಧನೆಯನ್ನು ತೋರಿಸಲೆಂದೇ ಸಂಶೋಧನೆಗೆ ಹೋಗಬಾರದು! ಬೀರಯ್ಯನವರ ಮನೆಯಲ್ಲಿ ಹಣ್ಣಾದ ಹುಳುವನ್ನು ಕಾಯಿಸುವ ಪದ್ಧತಿಯಿಲ್ಲ, ಅವರ ತಂದೆ ತೀರಿಕೊಂಡ ದಿನವೂ ಹೆಂಡತಿ ಲಕ್ಷ್ಮಿದೇವಮ್ಮ ಮೊದಲು ಹುಳುವನ್ನು ಚಂದ್ರಿಕೆಗೆ ಬಿಟ್ಟು, ಕೈ ತೊಳೆದು, ಆಮೇಲೆ ಮಾವನ ಹೆಣದ ಮುಂದೆ ಕುಳಿತು ಅತ್ತರಂತೆ, ಆ ಮನೆಗಿರುವ ನಿಯತ್ತು ಈ ಕಟ್ಟಡಕ್ಕಿಲ್ಲ — ಅಂಗೈಯಲ್ಲಿ ಫೋನು ಗುರುಗುಟ್ಟಿತು, ಲಕ್ಷ್ಮಿದೇವಮ್ಮ, ರಾಧಾಮಣಿ ಹೆಬ್ಬಾಗಿಲಿನ ಬ್ಯಾನರಿನ ಹಿಂದಕ್ಕೆ ಸರಿದಳು, ಕಾಲೇಜಿನ ಸಂಶೋಧನೆಯೆಂದು ಅವಳದೇ ಚಿತ್ರ ಹಾಕಿದ ಬ್ಯಾನರು, ನಗುವ ಚಿತ್ರ. ಮೇಡಮ್ಮೋರೆ, ಹೊತ್ತಾರೆಯಿಂದ ದಾರಿ ನೋಡ್ದೆ, ಬತ್ತೀನಿ ಅಂದ್ರಿ, ಬರ್ನೇ ಇಲ್ಲ, ಎಲ್ಲಾ ತಲೆ ಎತ್ಕಂಡು ಒದ್ದಾಡ್ತಾ ಇದ್ವು ಕಣವ್ವ, ನನ್ ಕೈಲಿ ನೋಡಕ್ಕಾಗ್ನಿಲ್ಲ, ಸಿಕ್ಕಿದ ಚಂದ್ರಿಕೆಗೆಲ್ಲ ಬುಟ್ಬುಟ್ಟೆ — ಎಡಗಡೆದು ಬಲಗಡೆದು ಬೇರೆ ಬೇರೆ ಇಟ್ರಾ ಅಮ್ಮ — ಅಯ್ಯೋ ಎಲ್ಲಾ ಬೆರ್ತೋಗವೆ ಕಣವ್ವ, ಒಂದೊಂದ್ನೇ ಆಯ್ಕಂಡು ಕುಂತಿದ್ರೆ ಸಾಯ್ತಿದ್ವು, ಏನ್ಮಾಡ್ಲಿ, ತಪ್ಪಾಯ್ತಾ?

ಇಲ್ಲಮ್ಮ, ನಿಮ್ಮದು ತಪ್ಪಲ್ಲ, ಎಂದಳು, ತಪ್ಪು ಇಲ್ಲಿಯದು, ಈ ಒಣಗದ ಗೋಡೆಯದು, ಎನ್ನುವಷ್ಟರಲ್ಲಿ ಕಾರಿನ ಬಾಗಿಲು ಬಡಿದ ಸದ್ದು, ಗುಲಾಬಿ, ಕ್ಯಾಮೆರಾ, ಅನಂತರಾಜು ಬಾಗಿ ಬಾಗಿ, ಇವರೇ ಸಾರ್, ನಮ್ಮ ಸಂಶೋಧನಾ ವಿಭಾಗ, ಮತ್ತು ತಂಡದ ಬಿಳಿಗೂದಲಿನ ಅಧ್ಯಕ್ಷರು, ದಾಕ್ಷಿಣ್ಯದ ಮನುಷ್ಯ, ಬ್ಯಾನರನ್ನೂ ಅವಳನ್ನೂ ಹೋಲಿಸಿ ನೋಡಿ ಕೇಳುತ್ತಾರೆ, ಪಾಠ, ಸಂಶೋಧನೆ, ಉಳಿದ ಕರ್ತವ್ಯಗಳು, ಇಷ್ಟನ್ನೂ ಹೇಗೆ ಸರಿದೂಗಿಸುತ್ತೀರಿ ಮೇಡಂ? ನಗ್ರೀ, ನಗ್ರೀ, ಎಂದು ಅನಂತರಾಜು ಹಲ್ಲುಗಳ ಸಂದಿಯಿಂದ ಉಸುರಿದರು. ಸರಿದೂಗಿಸುತ್ತಿಲ್ಲ, ಎಂದಳು ರಾಧಾಮಣಿ, ದನಿ ತನ್ನದೇ ಎಂದು ಗುರುತಾಗದಷ್ಟು ದೊಡ್ಡದಾಗಿತ್ತು, ನಟರಾಜುವಿನ ಪೈಪಿನ ನೀರು ಕುಂಡ ತುಂಬಿ ಹೊರಗೆ ಹರಿಯುತ್ತಿತ್ತು, ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಮುಂದಿನ ಮಾತಿಗಾಗಿ ಅವಳು ತಲೆ ಎತ್ತಿದಳು, ಅತ್ತ ನೋಡಿದಳು, ಇತ್ತ ನೋಡಿದಳು, ಹಿಡಿಯಲು ಒಂದು ಕಡ್ಡಿಯೂ ಇಲ್ಲ — ಮೈಯೆಲ್ಲ ನೂಲು ತುಂಬಿ ತಿಳಿಯಾದ ಹುಳು, ಬರಿಯ ತಟ್ಟೆಯ ಮೇಲೆ, ತಲೆ ಎತ್ತಿ, ಅತ್ತ, ಇತ್ತ, ಅತ್ತ —