ಇಪ್ಪತ್ತಮೂರನೇ ಚೌಕದ ಕೈ

ಐವತ್ತೆರಡು ಚೌಕಗಳ ಒಳಗೆ ಒಂದು ಬೆರಳು ಹೋಗಬೇಕು ಎಂದು ಕಂಪನಿಯವರು ಬರೆದು ಕಳಿಸಿದ್ದರು. ಗಾರ್ಮೆಂಟ್ಸ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ತೋರಿಸಲು ಅವರಿಗೊಂದು ಪುಟ್ಟ ಕಾರ್ಟೂನ್ ಫಿಲಂ ಬೇಕಂತೆ. ಹುಡುಗಿಯೊಬ್ಬಳು ಬೇಗ ಬೇಗ ಹೊಲಿಯುವ ಆಸೆಗೆ ಸೂಜಿಯ ಕೆಳಗೆ ಬೆರಳು ಹೋಗದಂತೆ ತಡೆಯುವ ಗಾರ್ಡನ್ನು ತಾನೇ ಬಿಚ್ಚುತ್ತಾಳೆ, ಸೂಜಿ ಬೆರಳಿಗೆ ಇಳಿಯುತ್ತದೆ, ಅಳುತ್ತಾಳೆ. ಕೊನೆಗೆ ‘ಸುರಕ್ಷತೆ ನಮ್ಮ ಕೈಯಲ್ಲೇ ಇದೆ’ ಎಂದು ಅಕ್ಷರ ಬರುತ್ತದೆ. ಕಥೆ ಮುಗಿಯಿತು.

ಇಂಥ ಫಿಲಂ ಮಾಡುವ ಮೊದಲು ಪ್ರತಿ ದೃಶ್ಯವನ್ನೂ ಚೌಕದೊಳಗೆ ಬರೆದು ಸಾಲಾಗಿ ಜೋಡಿಸಬೇಕು. ಅದಕ್ಕೆ ಸ್ಟೋರಿಬೋರ್ಡ್ ಅನ್ನುತ್ತಾರೆ. ಮಡಕಶಿರದಲ್ಲಿ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಅಂಗಡಿಯ ಮೇಲೆ ಶಿರಿಷಾ ಎಂಬ ಹುಡುಗಿ ನಡೆಸುವ ಎರಡು ಕೋಣೆಯ ಸ್ಟುಡಿಯೋದಲ್ಲಿ ನಾನು ಮಾಡುವುದು ಅದನ್ನೇ. ಹಿಂದೆ ಜೀನ್ಸ್ ಪ್ಯಾಂಟಿನ ಹಿಂಜೇಬಿಗೆ ಡಿಸೈನು ಬರೆಯುತ್ತಿದ್ದೆ ಎಂದು ಯಾರೋ ಹೇಳಿದ್ದಕ್ಕೆ ಅವಳು ನನ್ನನ್ನು ಕರೆದು ಕೂರಿಸಿಕೊಂಡಳು. ಸಾಫ್ಟ್‌ವೇರ್ ಕಲಿಯುವಷ್ಟರಲ್ಲಿ ನಾಲ್ಕು ತಿಂಗಳು ಹೋಯಿತು, ನನ್ನ ಕಣ್ಣೂ ಹೋಗುವುದರಲ್ಲಿತ್ತು. ಟ್ಯಾಬಿನ ಗಾಜಿನ ಮೇಲೆ ಪೆನ್ನು ಎಳೆದರೆ ಗೆರೆ ಬೀಳುತ್ತದೆ. ಮಷಿನ್ನು ಒಂದು ಪದರದಲ್ಲಿ, ಕೈ ಇನ್ನೊಂದು ಪದರದಲ್ಲಿ. ಚೌಕದ ಕೆಳಗೆ ಅದು ಎಷ್ಟು ಸೆಕೆಂಡು ನಿಲ್ಲಬೇಕು ಎಂದು ಅಂಕಿ ಹಾಕಿ ಒತ್ತಿದರೆ ಚಿತ್ರಗಳು ಒಂದರ ಹಿಂದೊಂದು ಓಡುತ್ತವೆ. ಮೂವತ್ತೆಂಟು ವರ್ಷಕ್ಕೆ ಹೊಸ ವಿದ್ಯೆ ಬೇಕಿತ್ತೇ ಎಂದು ದಿನಕ್ಕೊಮ್ಮೆ ನನ್ನನ್ನೇ ಬೈದುಕೊಳ್ಳುತ್ತೇನೆ. ಆದರೂ ಬರೆಯುತ್ತೇನೆ.

ಸೋಮವಾರ ಶಿರಿಷಾ ಬಂದು ನನ್ನ ಪಕ್ಕ ನಿಂತಳು.

“ಮಂಗಳಕ್ಕ, ಕಂಪನಿಯೋರು ಬೋರ್ಡು ವಾಪಸ್ ಕಳ್ಸವ್ರೆ. ಹೊಲಿಯೋ ಕೈ ಹೊಲಿಯೋ ಕೈ ತರ ಇಲ್ವಂತೆ. ಸೆಕೆಂಡೂ ತಪ್ಪಂತೆ. ನಿಂಗೊತ್ತಿರೋ ಟೈಲರಮ್ಮ ಯಾರಾನಾ ಇದ್ರೆ ಅವ್ರ ಕೈ ನೋಡ್ಕಂಡು ಸರಿ ಮಾಡು. ಗುರುವಾರದೊಳ್ಗೆ ಬೇಕು ಕಣಕ್ಕ.”

ನನಗೆ ಗೊತ್ತಿರುವ ಒಳ್ಳೆಯ ಕೈ ಒಂದೇ. ಅದು ರಾಯದುರ್ಗದಲ್ಲಿದೆ, ಕೊಟ್ರಮ್ಮಕ್ಕನದು. ಅದರಲ್ಲಿ ಎಡತೋರುಬೆರಳಿನ ತುದಿ ಇಲ್ಲ.

ಎಂಟು ವರ್ಷದ ಹಿಂದೆ ನಾವಿಬ್ಬರೂ ರಾಯದುರ್ಗದ ಒಂದು ಜೀನ್ಸ್ ಶೆಡ್ಡಿನಲ್ಲಿದ್ದೆವು. ಅಕ್ಕ ಜೇಬು ಹೊಲಿಯುತ್ತಿದ್ದಳು. ನಾನು ಎಡಚಿ. ಕತ್ತರಿಗಳೆಲ್ಲ ಬಲಗೈಯವರಿಗೇ ಮಾಡಿದವು, ನನ್ನ ಕೈಗೆ ಬಂದರೆ ಬಟ್ಟೆ ಅಗಿಯುತ್ತಿದ್ದವು. ಹಾಗಾಗಿ ಜೇಬಿನ ಡಿಸೈನು ಬರೆಯುವ ಕೆಲಸ ಇಲ್ಲದಾಗ ಮಾಸ್ಟರ್ ಮರುಳಸಿದ್ದಪ್ಪ ನನಗೆ ಎಣ್ಣೆಡಬ್ಬಿ, ಸ್ಕ್ರೂಡ್ರೈವರ್ ಕೊಟ್ಟು ಮಷಿನ್ನುಗಳ ಮಧ್ಯೆ ಓಡಾಡಲು ಬಿಟ್ಟಿದ್ದರು. ದಪ್ಪ ಬಟ್ಟೆಯ ಲಾಟು ಬಂದರೆ ಹೊಲಿಗೆಯ ಮಡಿಕೆ ಗಾರ್ಡಿಗೆ ತಗುಲಿ ನಿಲ್ಲುತ್ತದೆ. ಆಗ ಗಾರ್ಡು ಬಿಚ್ಚು ಎಂದು ಮಾಸ್ಟರ್ ಹೇಳುತ್ತಿದ್ದರು, ನಾನು ಬಿಚ್ಚುತ್ತಿದ್ದೆ. ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಗಾರ್ಡು ಬಿಚ್ಚಿದವರು ಮಷಿನ್ನಿನ ತೋಳಿಗೆ ಒಂದು ಕೆಂಪು ದಾರ ಕಟ್ಟಬೇಕು. ದಾರ ಕಂಡವರು ಬೆರಳು ದೂರ ಇಟ್ಟು ಹೊಲಿಯುತ್ತಾರೆ.

ಆ ದಿನ ಅಕ್ಕ ಊಟಕ್ಕೆ ಹೋಗಿದ್ದಳು. ಮಾಲು ಒಯ್ಯುವ ಲಾರಿ ಬಂದು ನಿಂತಿತ್ತು. ಮಾಸ್ಟರ್ ಅವಸರ ಮಾಡಿದರು, ನಾನು ಗಾರ್ಡು ಬಿಚ್ಚಿದೆ, ಅಷ್ಟರಲ್ಲಿ ಇನ್ನೊಂದು ಮಷಿನ್ನಿನ ಕಡೆಯಿಂದ ಕರೆದರು, ಓಡಿದೆ. ದಾರ ಕಟ್ಟಲಿಲ್ಲ. ಅಕ್ಕ ಬಂದು ಕೂತು ಪೆಡಲ್ ಒತ್ತಿದಳು.

ಕೊಟ್ರಮ್ಮ ತಾನೇ ಗಾರ್ಡು ಬಿಚ್ಚಿಕೊಂಡಿದ್ದಳು ಎಂದು ಮಾಸ್ಟರ್ ಎಲ್ಲರಿಗೂ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಆಮೇಲೆ ಶೆಡ್ಡೂ ಮುಚ್ಚಿತು, ನಾನು ಮದುವೆಯಾಗಿ ಮಡಕಶಿರಕ್ಕೆ ಬಂದೆ. ಊರು ಬದಲಿಸಿದರೆ ಮರೆಯಬಹುದು ಎಂದುಕೊಂಡಿದ್ದೆ. ಈಗ ನೋಡಿದರೆ ಅದೇ ಸುಳ್ಳನ್ನು ನಾನೇ ಚಿತ್ರ ಬರೆದು ಊರೂರಿಗೆ ತೋರಿಸುವ ಹಾಗಾಯಿತು.

ಮಂಗಳವಾರ ಟ್ಯಾಬನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪಾವಗಡದಲ್ಲಿ ಒಮ್ಮೆ, ಕಲ್ಯಾಣದುರ್ಗದಲ್ಲಿ ಒಮ್ಮೆ ಬಸ್ಸು ಬದಲಿಸಿ ರಾಯದುರ್ಗ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಬಸ್ಸಿಳಿದ ಮೇಲೆ, ಕೈ ನೋಡಿ ಬರೆದುಕೊಂಡು ಸುಮ್ಮನೆ ಬಂದರಾಯಿತು ಅಂದುಕೊಂಡೆ. ನನ್ನ ಧೈರ್ಯದ ಆಯಸ್ಸು ಅಷ್ಟೇ.

ಕೊಟ್ರಮ್ಮಕ್ಕ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಕೆಳಗಿನ ಕೆಲಸ ಅದು, ಹೊಲಿಯಲು ಬಾರದವರಿಗೆ ಕೊಡುವುದು. ರಾಯದುರ್ಗದಲ್ಲೇ ಅವಳಷ್ಟು ನೇರಕ್ಕೆ ಜೇಬು ಹೊಲಿಯುವವರು ಇರಲಿಲ್ಲ.

“ಯಾರವ್ವ ಇದು, ಮಂಗಳಾ ಅಲ್ಲೇನ? ಎಂಟು ವರ್ಷಕ್ಕ ದಾರಿ ಸಿಕ್ತೇನು? ಬಾ, ಕುಂದ್ರು. ಯಾಕ ಹಿಂಗ ಸೊರಗೀದಿ?”

ಬಂದ ಕಾರಣ ಹೇಳಿದೆ, ಅಂದರೆ ಅರ್ಧ ಕಾರಣ. ಅವಳಿಗೆ ಖುಷಿಯಾಯಿತು. ತನ್ನ ಕೈ ಫಿಲಂನಲ್ಲಿ ಬರುತ್ತದೆ ಎಂದು ಬಳೆ ಹಿಂದಕ್ಕೆ ಸರಿಸಿಕೊಂಡಳು. ಟ್ಯಾಬು ತೆರೆದು ಮೊದಲ ಚೌಕಗಳನ್ನು ತೋರಿಸಿದೆ. ಅಕ್ಕ ಚಿತ್ರ ನೋಡುವ ಮೊದಲು ಕೆಳಗಿನ ಅಂಕಿ ನೋಡಿದಳು. ಮುಖ ಗಂಟಾಯಿತು.

“ಜೇಬಿಗೆ ಎರಡು ಸೆಕೆಂಡಾ? ಯಾರಿಟ್ಟಿದ್ದು ಈ ಟಾರ್ಗೆಟ್ಟು? ಎರಡು ಸೆಕೆಂಡಿನಾಗ ಬಟ್ಟಿ ಜೋಡಿಸಾಕೂ ಆಗಂಗಿಲ್ಲ. ಆ ಹುಡುಗೀರು ಸಾಯ್ತಾರ.”

“ಟಾರ್ಗೆಟ್ಟಲ್ಲಕ್ಕ, ಚಿತ್ರ ನಿಲ್ಲೋ ಹೊತ್ತು ಅದು.”

“ನಿಂತ್ರ ಟಾರ್ಗೆಟ್ಟು ಹೆಂಗ ಮುಗೀತದ?” ಎಂದಳು.

ಶೆಡ್ಡಿನಲ್ಲಿ ಗಡಿಯಾರ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಿದ್ದವರನ್ನು ಅವಳಿನ್ನೂ ಮರೆತಿಲ್ಲ. ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಇಲ್ಲದ ಮಷಿನ್ನಿನ ಮುಂದೆ ಕೂತ ಹಾಗೆ ಕೂತು, ಇಲ್ಲದ ಜೇಬನ್ನು ಹೊಲಿದು ತೋರಿಸಿದಳು. ನಾನು ಫೋನಿನಲ್ಲಿ ಹೊತ್ತು ನೋಡಿ ಬರೆದುಕೊಂಡೆ. ಹದಿನೆಂಟು ಸೆಕೆಂಡು. ಮೂಲೆ ತಿರುಗಿಸುವಾಗ ತುದಿಯಿಲ್ಲದ ಆ ಬೆರಳು ಬಟ್ಟೆ ಹಿಡಿಯಲು ಹೋಗಿ ಸುಮ್ಮನೆ ಗಾಳಿ ಒತ್ತುತ್ತಿತ್ತು. ನಾನು ತಲೆ ಬಗ್ಗಿಸಿ ಗೆರೆ ಎಳೆದೆ. ಒಂದು ತಾಸು ಹೀಗೇ ನಡೆಯಿತು. ಕೈ ನಿಜವಾಗಿ ಹೊಲಿಯುವ ಕೈಯ ಹಾಗೆ ಬಂತು. ಇಷ್ಟು ಸಾಕು, ಎದ್ದುಬಿಡೋಣ ಅನ್ನಿಸಿತು.

“ಮುಂದಿಂದು ತೋರ್ಸು,” ಎಂದಳು ಅಕ್ಕ. ತಾನೇ ಬೆರಳಿನಿಂದ ಗಾಜು ತಳ್ಳಿದಳು. ಇಪ್ಪತ್ತಮೂರನೇ ಚೌಕ ಬಂತು.

ಅದರಲ್ಲಿ ಬರೀ ಒಂದು ಕೈ ಇತ್ತು, ಸ್ಕ್ರೂಡ್ರೈವರ್ ಹಿಡಿದು ಗಾರ್ಡು ಬಿಚ್ಚುವ ಕೈ. ಯಾರ ಕೈಯನ್ನೂ ನೋಡದೆ, ಹಿಂದಿನ ವಾರವೇ ಬರೆದು ಮುಗಿಸಿದ್ದೆ. ಕಂಪನಿಯವರು ತಪ್ಪು ಹಿಡಿಯದ ಚೌಕ ಅದೊಂದೇ.

ಅಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಬಲಗೈಯನ್ನು ಚಿತ್ರದ ಪಕ್ಕ ಇಟ್ಟಳು. ಆಮೇಲೆ ಎಡಗೈ ಇಟ್ಟಳು.

“ಇದು ಎಡಗೈ ಐತಿ.”

ನನಗೆ ಆಗ ಕಂಡಿತು. ಹೆಬ್ಬೆರಳು ಇರುವ ದಿಕ್ಕು, ಮಣಿಕಟ್ಟು ಒಳಗೆ ಬಾಗಿದ ರೀತಿ, ಎಲ್ಲ ನನ್ನದೇ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇದೆ. ಕೈಯ ಪದರವನ್ನು ಮುಟ್ಟಿ ಅದನ್ನು ಒತ್ತಿದರೆ ಎಡ ಬಲವಾಗುತ್ತದೆ. ಮಷಿನ್ನು ಇದ್ದಲ್ಲೇ ಇರುತ್ತದೆ, ಕೈ ಮಾತ್ರ ತಿರುಗುತ್ತದೆ. ತಪ್ಪಾಯಿತಕ್ಕ ಎಂದು ನಕ್ಕು ಒತ್ತಿಬಿಟ್ಟರೆ ಮುಗಿಯುತ್ತಿತ್ತು. ಪೆನ್ನು ಆ ಗುಂಡಿಯ ಹತ್ತಿರದವರೆಗೂ ಹೋಯಿತು. ಅದನ್ನೂ ಹಿಡಿದಿದ್ದು ನನ್ನ ಎಡಗೈಯೇ. ಅಕ್ಕ ಈಗ ಅದನ್ನು ನೋಡುತ್ತಿದ್ದಳು.

“ನಾನೇ ಬಿಚ್ಚಿದ್ದಕ್ಕ,” ಎಂದೆ. “ಮಾಸ್ಟರ್ ಹೇಳಿದ್ರು, ಬಿಚ್ಚಿದೆ. ನೀವು ಊಟಕ್ಕ ಹೋಗಿದ್ರಿ.”

“ದಾರ?”

“ಕಟ್ಟಲಿಲ್ಲ. ಆ ಕಡೆಯಿಂದ ಕರದ್ರು, ಓಡಿದೆ. ಆಮ್ಯಾಲೆ ಹೇಳಾಕ ಹೆದರಿಕಿ ಆತು.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತೊಡೆಯ ಮೇಲಿದ್ದ ಪ್ಯಾಂಟು ಎತ್ತಿಕೊಂಡು ಎರಡು ದಾರ ಕತ್ತರಿಸಿದಳು. ಮೂರನೆಯದಕ್ಕೆ ಕತ್ತರಿ ನಿಂತಿತು.

“ಎಲ್ಲರೂ ಅಂದ್ರು ನಾನೇ ಬಿಚ್ಚೀನಿ ಅಂತ. ನನಗ ನೆನಪಿರಲಿಲ್ಲ. ಅಷ್ಟು ಮಂದಿ ಅಂದಮ್ಯಾಲೆ ಬಿಚ್ಚಿರಬೇಕು, ಅವಸರಕ್ಕ ಮರತಿರಬೇಕು ಅಂದ್ಕೊಂಡೆ. ಎಂಟು ವರ್ಷ ಈ ಕೈಯನ್ನ ನಾನೇ ಬೈಕೋತ ಬಂದೀನಿ.”

ನನಗೆ ಅಳು ಬಂತು. ಅಳುವ ಹಕ್ಕು ನನ್ನದಲ್ಲ ಎಂದು ನುಂಗಿಕೊಂಡೆ.

“ಗಾರ್ಡು ಬಿಚ್ಚಾಕ ಎಷ್ಟೊತ್ತು ಹಿಡೀತು?” ಎಂದು ಕೇಳಿದಳು.

“ಎರಡು ಸ್ಕ್ರೂ. ಅರ್ಧ ನಿಮಿಷ.”

“ದಾರ ಕಟ್ಟಾಕ?”

“ಮೂರು ಸೆಕೆಂಡು.”

ಅವಳು ಚೌಕದ ಕೆಳಗಿನ ಅಂಕಿ ತೋರಿಸಿದಳು. ಅಲ್ಲಿ ಒಂದೂವರೆ ಸೆಕೆಂಡು ಎಂದಿತ್ತು. “ಹಂಗಾದ್ರ ಹೆಂಗ ನಡೀತೋ ಹಂಗ ಬರಿ. ಅವನ್ನೂ ಬರಿ, ಮಾಸ್ಟರನ್ನ. ಹೊತ್ತಿನಾಗ ಒಂದು ಸೆಕೆಂಡೂ ಕಮ್ಮಿ ಮಾಡಬ್ಯಾಡ.”

ಟ್ಯಾಬು ಸುತ್ತಿ ಎದ್ದೆ. ಬರುತ್ತೇನಕ್ಕ ಎಂದೆ. ನಮ್ಮ ಕಡೆ ಎಂಥ ಹಗೆಯವರನ್ನೂ ಹೋಗಿ ಬಾ ಎಂದು ಕಳಿಸುತ್ತಾರೆ. ಅಕ್ಕ ಕತ್ತರಿ ಎತ್ತಿಕೊಂಡು, ತಲೆ ಎತ್ತದೆ, “ಹೋಗು” ಎಂದಳು.

ಗುರುವಾರ ಬೆಳಿಗ್ಗೆ ಶಿರಿಷಾ ನನ್ನ ಬೋರ್ಡನ್ನು ಓಡಿಸಿ ನೋಡಿದಳು. ಇಪ್ಪತ್ತೆರಡನೇ ಚೌಕದಲ್ಲಿ ಮಾಸ್ಟರ್ ಗಡಿಯಾರ ನೋಡುತ್ತಾ ಬೆರಳು ತೋರಿಸುತ್ತಾರೆ. ಇಪ್ಪತ್ತಮೂರರಲ್ಲಿ ನನ್ನ ಎಡಗೈ ಗಾರ್ಡು ಬಿಚ್ಚುತ್ತದೆ, ಮೂವತ್ತು ಸೆಕೆಂಡು. ಪರದೆಯ ಮೇಲೆ ಮೂವತ್ತು ಸೆಕೆಂಡು ಎಷ್ಟು ದೊಡ್ಡದೆಂದರೆ, ಕೂತು ನೋಡಲು ಆಗುವುದಿಲ್ಲ.

“ಅಕ್ಕ, ಇದನ್ನ ಕಂಪನಿಯೋರು ಒಪ್ಪಲ್ಲ,” ಎಂದಳು. “ನಿನ್ನನ್ನ ತೆಗ್ದು ಬೇರೆಯೋರ ಕೈಲಿ ಬರೆಸು ಅಂತಾರೆ.”

“ಬರೆಸ್ಲಿ. ನನ್ನ ಕೈಲಿ ಆಗೋದು ಇಷ್ಟೇ.”

ಅವಳು ಬೋರ್ಡನ್ನು ಮುಂದಕ್ಕೆ ಓಡಿಸಿದಳು. ಇಪ್ಪತ್ತನಾಲ್ಕನೇ ಚೌಕಕ್ಕೆ ಬಂದಾಗ ಪರದೆಯ ಹತ್ತಿರಕ್ಕೆ ಮುಖ ತಂದಳು. ಅಲ್ಲಿ ಮಷಿನ್ನಿನ ತೋಳೊಂದೇ ಇತ್ತು, ಮತ್ತೇನೂ ಇರಲಿಲ್ಲ. ಯಾರೂ ಬರುವುದಿಲ್ಲ, ಏನೂ ಅಲ್ಲಾಡುವುದಿಲ್ಲ.

“ಇಲ್ಲೇನೋ ಬರೆಯಾಕೆ ಮರ್ತಿದ್ದೀಯ ಅಕ್ಕ. ಖಾಲಿ ಐತೆ.”

“ಖಾಲಿನೇ ಇರ್ಲಿ,” ಎಂದೆ. “ಮೂರು ಸೆಕೆಂಡು.”